ಎರಡರಿಂದ ಇಪ್ಪತ್ತೆಂಟಕ್ಕೆ

ಪಿಯುಸಿ ಮಕ್ಕಳಿಗೆ ಇನ್ವರ್ಸ್ ಫಂಕ್ಷನ್ ಹೇಳಿಕೊಡುವಾಗ ನಾನು ಮೊದಲು ಬೋರ್ಡಿನ ಮೇಲೆ ಬರೆಯುವುದು ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ 'ಲೀಲಾವತಿ'ಯ ಒಂದು ಲೆಕ್ಕ. ಒಂದು ಸಂಖ್ಯೆಯನ್ನು 3ರಿಂದ ಗುಣಿಸಿ, ಬಂದದ್ದಕ್ಕೆ ಅದರದೇ ಮುಕ್ಕಾಲು ಭಾಗ ಸೇರಿಸಿ, 7ರಿಂದ ಭಾಗಿಸಿ, ಅದರಲ್ಲಿ ಮೂರನೇ ಒಂದು ಭಾಗ ಕಳೆದು, ವರ್ಗ ಮಾಡಿ, 52 ಕಳೆದು, ವರ್ಗಮೂಲ ತೆಗೆದು, 8 ಕೂಡಿಸಿ, 10ರಿಂದ ಭಾಗಿಸಿದರೆ 2 ಬರುತ್ತದೆ. ಹಾಗಾದರೆ ಆ ಸಂಖ್ಯೆ ಯಾವುದು?

ಒಂದು ಸಂಖ್ಯೆ ಕೊಟ್ಟರೆ ಒಂದೇ ಉತ್ತರ ಕೊಡುವ ನಿಯಮವೇ ಫಂಕ್ಷನ್. ಇಲ್ಲಿ ಉತ್ತರ ಗೊತ್ತಿದೆ, ಹೊರಟ ಸಂಖ್ಯೆ ಗೊತ್ತಿಲ್ಲ. ಉತ್ತರದಿಂದ ಹೊರಟ ಸಂಖ್ಯೆಗೆ ಹಿಂದಿರುಗಿಸುವ ಫಂಕ್ಷನ್ನೇ ಇನ್ವರ್ಸ್. ಅದಕ್ಕೆ ಕೊನೆಯಲ್ಲಿ ಮಾಡಿದ್ದನ್ನು ಮೊದಲು ಬಿಚ್ಚಬೇಕು. ಗುಣಾಕಾರವಿದ್ದಲ್ಲಿ ಭಾಗಾಕಾರ, ಕೂಡಿದ್ದಲ್ಲಿ ಕಳೆಯುವುದು. ಆರ್ಯಭಟ 499ರಲ್ಲೇ ಈ ಕ್ರಮ ಹೇಳಿದ್ದಾನೆ. 2ರಿಂದ ಹಿಂದಕ್ಕೆ ಹೋದರೆ 20, 12, 144, 196, 14.

ಮುಂದಿನ ಹೆಜ್ಜೆಯಲ್ಲಿ ಅರ್ಧ ಕ್ಲಾಸು ಎಡವುತ್ತದೆ. ಮೂರನೇ ಒಂದು ಭಾಗ ಕಳೆದಿದ್ದೇವಲ್ಲ, ಹಾಗಾದರೆ 14ಕ್ಕೆ ಅದರ ಮೂರನೇ ಒಂದು ಭಾಗ ಸೇರಿಸಿದರಾಯಿತು ಎಂದುಕೊಳ್ಳುತ್ತಾರೆ. ಅಲ್ಲ. ಕಳೆದ ಮೇಲೆ ಉಳಿದದ್ದು ಮೂರರಲ್ಲಿ ಎರಡು ಪಾಲು. ಹೋದ ಒಂದು ಪಾಲು ಈ ಉಳಿದದ್ದರ ಅರ್ಧ. 14ಕ್ಕೆ 7 ಸೇರಿಸಬೇಕು, 21. ಶೇಕಡಾ 20 ಇಳಿಸಿದ ಬೆಲೆ ಮೊದಲಿನಂತಾಗಲು ಶೇಕಡಾ 25 ಏರಿಸಬೇಕಾದದ್ದೂ ಇದೇ ಕಾರಣಕ್ಕೆ. ಭಾಸ್ಕರರು ಇದಕ್ಕೆಂದೇ ಪ್ರತ್ಯೇಕ ನಿಯಮ ಕೊಟ್ಟಿದ್ದಾರೆ. ಮಕ್ಕಳು ಎಲ್ಲಿ ತಡವರಿಸುತ್ತಾರೆಂದು ಬಲ್ಲ ಮೇಷ್ಟರು ಅವರು. ಆಮೇಲೆ 147, 84, 28.

ಈಗ 28 ಹಾಕಿ ಮುಂದಕ್ಕೆ ಬನ್ನಿ, 2 ಬರುತ್ತದೆ. ಆದರೆ −28 ಹಾಕಿದರೂ 2 ಬರುತ್ತದೆ! ವರ್ಗ ಮಾಡಿದ ಕೂಡಲೇ ಋಣ ಚಿಹ್ನೆ ಅಳಿಸಿಹೋಗುತ್ತದೆ, 196ರಿಂದ ಹಿಂದಿರುಗಲು ಎರಡು ದಾರಿಗಳಾಗುತ್ತವೆ. ಎರಡು ಉತ್ತರ ಕೊಡುವುದು ಫಂಕ್ಷನ್ ಅಲ್ಲ. ಹಾಗಾಗಿ 'ಧನಸಂಖ್ಯೆಗಳು ಮಾತ್ರ' ಎಂದು ಮೊದಲೇ ಕಟ್ಟು ಹಾಕಬೇಕು. ಆಗಷ್ಟೇ ಇನ್ವರ್ಸ್ ಇದೆ ಎನ್ನಬಹುದು.

ಲೆಕ್ಕದ ಮೊದಲ ನಾಲ್ಕು ಹೆಜ್ಜೆ ಸೇರಿಸಿದರೆ ಸಂಖ್ಯೆ ಬರೀ ಅರ್ಧವಾಗುತ್ತದೆ, 28 ಹೋಗಿ 14. ಇದು ಗೊತ್ತಾದರೆ ಇನ್ವರ್ಸನ್ನು ಒಂದೇ ಸಾಲಿನಲ್ಲಿ ಬರೆಯಬಹುದು: ಉತ್ತರವನ್ನು 10ರಿಂದ ಗುಣಿಸಿ, 8 ಕಳೆದು, ವರ್ಗ ಮಾಡಿ, 52 ಕೂಡಿಸಿ, ವರ್ಗಮೂಲ ತೆಗೆದು ಇಮ್ಮಡಿ ಮಾಡಿ. ಇದಕ್ಕೆ 0 ಕೊಟ್ಟು ನೋಡಿ. ಸುಮಾರು 21.54 ಬರುತ್ತದೆ. ಅದನ್ನೇ ಮೂಲ ಲೆಕ್ಕಕ್ಕೆ ಹಾಕಿದರೆ 0 ಸಿಗುವುದಿಲ್ಲ, 1.6 ಸಿಗುತ್ತದೆ. ವರ್ಗಮೂಲ ಋಣವಾಗದ್ದರಿಂದ ಮೂಲ ಲೆಕ್ಕದ ಉತ್ತರ ಎಂದೂ 0.8ಕ್ಕಿಂತ ಕೆಳಗಿಳಿಯದು, ಆದ್ದರಿಂದ ಇನ್ವರ್ಸ್‌ಗೂ 0.8ಕ್ಕಿಂತ ಚಿಕ್ಕ ಸಂಖ್ಯೆ ಕೊಡುವಂತಿಲ್ಲ.