ಇಟ್ಟದ್ದು ತೊಗರಿ, ಸಿಕ್ಕದ್ದು ದರ

ಮೊನ್ನೆ ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಕಮಲಾಪುರದ ಹಳೆಯ ವಿದ್ಯಾರ್ಥಿಯೊಬ್ಬನು ಎದುರಾಗಿ, “ಸರ, ಬಿಟ್‌ಕಾಯಿನ್ ಇಟ್ಟ ವಿನಿಮಯ ಕೇಂದ್ರನೇ ದಿವಾಳಿ ಎದ್ದರ ಇಟ್ಟವರ ಗತಿ ಏನ್ರಿ?” ಎಂದನು.

“ಸಾಹುಕಾರನ ರಾಶಿಗೆ ತೊಗರಿ ಸುರಿದು ಲೆಕ್ಕ ಬರೆಸಿದ ರೈತನ ಗತಿಯೇ” ಎಂದೆನು. ಅಂಗಡಿ ಮುಳುಗಿದ ದಿನ ಅವನು ಒಡೆಯನಲ್ಲ. ಸಾಲ ಕೊಟ್ಟವರ ಸಾಲಿನಲ್ಲಿ ಒಬ್ಬನು.

2014ರಲ್ಲಿ ಟೋಕಿಯೋದ ಮೌಂಟ್ ಗಾಕ್ಸ್ ಕುಸಿದಾಗ ಕಾಯಿದೆಯು ಆ ವರ್ಷದ ದರವನ್ನೇ ಹಿಡಿಯಿತು. ಪೇಟೆಯ ದರವೋ ಮುಂದೆ ಹತ್ತಾರು ಮಡಿ ಏರಿತು. ಇಟ್ಟವರು ಪಟ್ಟುಹಿಡಿದು ನ್ಯಾಯಾಲಯದ ಮೆಟ್ಟಿಲೇರಿದ ಫಲವಾಗಿ 2018ರಲ್ಲಿ ದಿವಾಳಿ ವಿಚಾರಣೆಯು ಪುನಶ್ಚೇತನಕ್ಕೆ ತಿರುಗಿತು. ಉಳಿದ ನಾಣ್ಯದ ಪಾಲು 2024ರ ಜುಲೈಯಿಂದ ನಾಣ್ಯವಾಗಿಯೇ ಮರಳತೊಡಗಿತು. 2022ರಲ್ಲಿ ಬಿದ್ದ ಎಫ್‌ಟಿಎಕ್ಸ್‌ನಲ್ಲಿಯಾದರೋ ಬಿದ್ದ ದಿನದ ದರವೇ ಗಟ್ಟಿಯಾಯಿತು.

“ಹಂಗಾದ್ರ ಅರ್ಜಿ ಹಾಕಬೇಕೇನ್ರಿ?”

“ಗಡುವಿನೊಳಗೆ, ಲೆಕ್ಕದ ಕಾಗದಗಳೊಡನೆ.”

ಎಷ್ಟು ಇಟ್ಟಿದ್ದನೆಂದು ನಾನು ಕೇಳಲಿಲ್ಲ; ಅವನೂ ಹೇಳಲಿಲ್ಲ.