ನಿಮ್ಮ ನಲ್ಲಿ ನೀರನ್ನು ಪರೀಕ್ಷೆ ಮಾಡಿಸಿದ್ದೀರಾ?



ದಿನಕ್ಕೆ ಎರಡು ಹೊತ್ತು ನೀವು ಸಂಘಕ್ಕೆ ತರುವ ಹಾಲನ್ನು ಜಿಡ್ಡು ಎಷ್ಟು, ಎಸ್.ಎನ್.ಎಫ್. ಎಷ್ಟು ಎಂದು ಪರೀಕ್ಷೆ ಮಾಡಿಯೇ ಪಡೆಯಲಾಗುತ್ತದೆ. ಆದರೆ ನಿಮ್ಮ ಮಕ್ಕಳು ಮತ್ತು ನಿಮ್ಮ ರಾಸುಗಳು ಕುಡಿಯುವ ನೀರನ್ನು ಒಮ್ಮೆಯಾದರೂ ಪರೀಕ್ಷೆಗೆ ಕಳುಹಿಸಿದ್ದೀರಾ? ನೀರು ತಿಳಿಯಾಗಿದೆ, ವಾಸನೆ ಇಲ್ಲ, ಆದ್ದರಿಂದ ಒಳ್ಳೆಯದು ಎಂದು ನಾವು ನಂಬುತ್ತೇವೆ. ಫ್ಲೋರೈಡ್ ಮತ್ತು ನೈಟ್ರೇಟ್‌ಗಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ ಎಂಬುದನ್ನು ಮರೆಯಬಾರದು.

ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ?

2019ರಲ್ಲಿ ಪ್ರಾರಂಭವಾದ ಜಲಜೀವನ್ ಮಿಷನ್ ಯೋಜನೆಯಿಂದ ಅನೇಕ ಹಳ್ಳಿಗಳಲ್ಲಿ ಮನೆ ಬಾಗಿಲಿಗೇ ನಲ್ಲಿ ಬಂದಿದೆ. ಆದರೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದಂತಹ ಬಯಲುಸೀಮೆಯ ಜಿಲ್ಲೆಗಳಲ್ಲಿ ಆ ನಲ್ಲಿಯ ನೀರು ಬಹುಪಾಲು ಕೊಳವೆ ಬಾವಿಯದೇ. ಆಳದ ಗ್ರಾನೈಟ್ ಬಂಡೆಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಬಂಡೆಯ ಫ್ಲೋರೈಡ್ ಕರಗಿ ಸೇರುತ್ತದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ತಾಲ್ಲೂಕುಗಳ ಜನರಿಗೆ ಇದರ ತೊಂದರೆ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಒಂದು ಕೊಳವೆ ಬಾವಿ ಬತ್ತಿದರೆ ನೀರುಗಂಟಿ ಇನ್ನೊಂದರಿಂದ ಟ್ಯಾಂಕ್ ತುಂಬಿಸುತ್ತಾನೆ. ಆಗ ನಲ್ಲಿ ಅದೇ ಇದ್ದರೂ ನೀರು ಬೇರೆಯಾಗಿರುತ್ತದೆ.

ಫ್ಲೋರೈಡ್

ಭಾರತೀಯ ಮಾನಕ ಐ.ಎಸ್. 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ. ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದಲ್ಲಿ 1.5 ಮಿ.ಗ್ರಾಂ.ವರೆಗೆ ಒಪ್ಪಬಹುದು. ಇದಕ್ಕೂ ಹೆಚ್ಚಾದ ನೀರನ್ನು ಬಹುಕಾಲ ಕುಡಿದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆಗಳು ಮೂಡುತ್ತವೆ. ಈ ಕಲೆ ಉಜ್ಜಿದರೆ ಹೋಗುವುದಿಲ್ಲ. ಪ್ರಮಾಣ ಬಹಳ ಹೆಚ್ಚಾಗಿ ವರ್ಷಗಟ್ಟಲೆ ಕುಡಿದಲ್ಲಿ ಕೀಲು, ಬೆನ್ನುಮೂಳೆ ಬಿಗಿಯುತ್ತವೆ. ಬಿಗಿದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ರಾಸುಗಳಿಗೂ ಹೀಗೆಯೇ. ಕರುವಿದ್ದಾಗಲೇ ಹಲ್ಲು ಕೆಟ್ಟು ಸವೆಯುತ್ತದೆ, ಮುಂದೆ ಕುಂಟುತ್ತದೆ, ಮೇವು ಅಗಿಯಲಾರದೆ ಹಾಲು ಇಳಿಯುತ್ತದೆ.

ನೈಟ್ರೇಟ್

ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ. ಮೀರಬಾರದು. ಇದಕ್ಕೆ ಯಾವ ವಿನಾಯಿತಿಯೂ ಇಲ್ಲ. ಇದು ಹೆಚ್ಚಾಗಿ ನಮ್ಮಿಂದಲೇ ಬರುವಂಥದ್ದು: ಬಾವಿಯ ಪಕ್ಕದ ತಿಪ್ಪೆ, ಕೊಟ್ಟಿಗೆಯ ಗಂಜಲ, ಶೌಚದ ಗುಂಡಿ, ಅತಿಯಾದ ಯೂರಿಯಾ. ಆರು ತಿಂಗಳೊಳಗಿನ ಹಸುಗೂಸಿಗೆ ಇಂತಹ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ರಕ್ತವು ಆಮ್ಲಜನಕವನ್ನು ಸಾಗಿಸಲಾರದೆ ಮಗು ನೀಲಿಗಟ್ಟಬಹುದು. ಇದು ಪ್ರಾಣಕ್ಕೇ ಅಪಾಯ. ಆ ವಯಸ್ಸಿನಲ್ಲಿ ತಾಯಿಯ ಹಾಲೊಂದೇ ಸಾಕು.

ಎರಡು ತಪ್ಪು ತಿಳುವಳಿಕೆಗಳು

ಕುದಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಮೊದಲನೆಯದು. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ನಿಜ. ಆದರೆ ನೀರು ಆವಿಯಾಗಿ ಫ್ಲೋರೈಡ್, ನೈಟ್ರೇಟ್ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ಎರಡನೆಯದು, ಅಂಗಡಿಯವರು ಅದ್ದಿ ತೋರಿಸುವ ಟಿ.ಡಿ.ಎಸ್. ಮೀಟರ್. ಅದು ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಂದಾಜನ್ನು ಮಾತ್ರ ಹೇಳುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟು ಎಂಬುದು ಅದರಿಂದ ತಿಳಿಯದು.

ಮಾದರಿ ತೆಗೆಯುವ ಕ್ರಮ

1. ಒಂದು ಲೀಟರಿನ ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಔಷಧಿ, ಎಣ್ಣೆ ಹಾಕಿದ್ದ ಡಬ್ಬ ಬೇಡ.
2. ನಲ್ಲಿಯನ್ನು ಕೆಲವು ನಿಮಿಷ ಹರಿಯಬಿಡಿ. ಅದೇ ನೀರಿನಲ್ಲಿ ಬಾಟಲಿಯನ್ನು ಎರಡು ಮೂರು ಬಾರಿ ತೊಳೆದು, ಬಾಯಿಯವರೆಗೆ ತುಂಬಿ ಬಿಗಿಯಾಗಿ ಮುಚ್ಚಿ.
3. ಊರು, ದಿನಾಂಕ, ಸಮಯ, ಯಾವ ಕೊಳವೆ ಬಾವಿಯ ನೀರು ಎಂಬುದನ್ನು ಚೀಟಿಯಲ್ಲಿ ಬರೆದು ಅಂಟಿಸಿ.
4. ಬಿಸಿಲಿಗೆ ಇಡದೆ ಅದೇ ದಿನ ಪ್ರಯೋಗಾಲಯಕ್ಕೆ ತಲುಪಿಸಿ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಬೇರೆ ಬಾಟಲಿ ಬೇಕು.

ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಲ್ಲಿ ಸಾರ್ವಜನಿಕರೂ ಪರೀಕ್ಷೆ ಮಾಡಿಸಬಹುದು. ಊರಿನಲ್ಲೇ ಪರೀಕ್ಷೆ ಮಾಡುವ ಕಿಟ್ಟುಗಳನ್ನು ಕೊಟ್ಟು, ಪ್ರತಿ ಗ್ರಾಮದ ಐದು ಮಂದಿ ಮಹಿಳೆಯರಿಗೆ ತರಬೇತಿ ನೀಡುವುದೂ ಜಲಜೀವನ್ ಮಿಷನ್‌ನ ಭಾಗವಾಗಿದೆ. ನಿಮ್ಮ ಪಂಚಾಯಿತಿಯಲ್ಲಿ ವಿಚಾರಿಸಿ. ಕಿಟ್ಟಿನಲ್ಲಿ ದೋಷ ಕಂಡರೆ ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳಬೇಕು. ವರ್ಷಕ್ಕೊಮ್ಮೆಯಾದರೂ ರಾಸಾಯನಿಕ ಪರೀಕ್ಷೆ ಆಗಲಿ. ಕೊಳವೆ ಬಾವಿ ಬದಲಾದಾಗ ಮತ್ತೊಮ್ಮೆ ಮಾಡಿಸಿ.

ದೋಷ ಕಂಡರೆ ಏನು ಮಾಡಬೇಕು?

ಫ್ಲೋರೈಡ್ ಇರುವ ನೀರು ಸ್ನಾನಕ್ಕೆ, ಬಟ್ಟೆ ಒಗೆಯಲು ಆದೀತು. ಕುಡಿಯಲು, ಅಡುಗೆಗೆ ಬೇರೆ ನೀರು ಬೇಕು. ಊರಿನ ಶುದ್ಧ ಕುಡಿಯುವ ನೀರಿನ ಘಟಕವಿದ್ದರೆ ಅದರ ನೀರನ್ನೂ ಪರೀಕ್ಷೆಗೆ ಕಳುಹಿಸಿ. ಪೊರೆ ಹಳತಾದ ಘಟಕದಿಂದ ಪ್ರಯೋಜನವಿಲ್ಲ. ಮಳೆ ನೀರು ಇನ್ನೊಂದು ದಾರಿ. 100 ಚದರ ಮೀಟರ್ ಮಾಳಿಗೆಯ ಮೇಲೆ ವರ್ಷಕ್ಕೆ 700 ಮಿ.ಮೀ. ಮಳೆ ಬಿದ್ದರೆ 70,000 ಲೀಟರ್ ನೀರು. ದಿನಕ್ಕೆ 25 ಲೀಟರಿನಂತೆ ಒಂದು ಕುಟುಂಬದ ಕುಡಿಯುವ ಮತ್ತು ಅಡುಗೆಯ ಖರ್ಚು ವರ್ಷಕ್ಕೆ ಸುಮಾರು 9,000 ಲೀಟರ್ ಮಾತ್ರ. ಮೊದಲ ಮಳೆಯನ್ನು ಹೊರಬಿಟ್ಟು, ಸೋಸಿ, ಮುಚ್ಚಿದ ತೊಟ್ಟಿಯಲ್ಲಿ ಹಿಡಿದು, ಕುಡಿಯುವ ಮುನ್ನ ಕುದಿಸಿರಿ. ತಿಪ್ಪೆಯನ್ನು ಬಾವಿಯಿಂದ ದೂರಕ್ಕೆ ಸಾಗಿಸಿ.

ಕೊನೆಯದಾಗಿ ಒಂದು ಮಾತು. ಊಟದಲ್ಲಿ ಸುಣ್ಣದಂಶ ಕಡಿಮೆಯಿದ್ದ ಮಕ್ಕಳನ್ನು ಫ್ಲೋರೈಡ್ ಹೆಚ್ಚು ಬಾಧಿಸುತ್ತದೆ. ಹಾಲಿನಲ್ಲಿ ಸುಣ್ಣದಂಶ ಹೇರಳವಾಗಿದೆ. ಆದ್ದರಿಂದ ಕರೆದದ್ದನ್ನೆಲ್ಲ ಡೇರಿಗೆ ಹಾಕಿ ಮಕ್ಕಳಿಗೆ ಬರೀ ಟೀ ಕೊಡಬೇಡಿ. ಮೊದಲು ಮನೆಯ ಮಕ್ಕಳ ಲೋಟ ತುಂಬಲಿ, ಉಳಿದದ್ದು ಕ್ಯಾನಿಗೆ ಹೋಗಲಿ. ಸಂಘದ ಮುಂದಿನ ಸಭೆಯಲ್ಲಿ ಊರಿನ ನೀರಿನ ಪರೀಕ್ಷೆಯ ವಿಷಯವನ್ನು ತಪ್ಪದೆ ಪ್ರಸ್ತಾಪಿಸಿ.