ನಾಲ್ಕು ಆಸನ, ಒಬ್ಬರೇ ಪೈಲಟ್

ಅಮೆರಿಕದ ನೌಕಾಪಡೆಗೆ 1971ರಲ್ಲಿ ಸೇರಿದ ಇಎ-6ಬಿ ಪ್ರೌಲರ್ ವಿಮಾನದಲ್ಲಿ ಆಸನಗಳು ನಾಲ್ಕು, ಪೈಲಟ್ ಒಬ್ಬರೇ. ಉಳಿದ ಮೂವರು ವಿಮಾನ ನಡೆಸುವವರಲ್ಲ. ಶತ್ರುವಿನ ರಾಡಾರ್ ಬೀರುವ ತರಂಗಗಳನ್ನು ಹಿಡಿದು, ಅದು ಯಾವ ಬಗೆಯದೆಂದು ಗುರುತಿಸಿ, ಅದೇ ಆವರ್ತಾಂಕದ ತರಂಗಗಳನ್ನು ಪ್ರಬಲವಾಗಿ ತಿರುಗಿ ಬೀರಿ ಅದನ್ನು ಕುರುಡಾಗಿಸುವುದು ಅವರ ಹೊಣೆ. ಜೊತೆಗೆ ಹೋದ ದಾಳಿ ವಿಮಾನಗಳು ಕ್ಷಿಪಣಿಗೆ ತುತ್ತಾಗದೆ ಮರಳುವುದು ಈ ಮೂವರ ಲೆಕ್ಕಾಚಾರವನ್ನು ಅವಲಂಬಿಸಿತ್ತು.

ವಕೀಲನಾದ ನನಗೆ ಕುತೂಹಲ ಹುಟ್ಟಿಸಿದ್ದು ಈ ಪದವಿಯ ಚರಿತ್ರೆ. ‘ನೇವಲ್ ಫ್ಲೈಟ್ ಆಫೀಸರ್’ ಎಂಬ ಹೆಸರು ಬಂದದ್ದು 1965ರಲ್ಲಿ. ಪ್ರಾಣಾಪಾಯ ನಾಲ್ವರಿಗೂ ಸಮಾನವಾಗಿದ್ದರೂ, ವಿಮಾನ ಘಟಕದ ನಾಯಕತ್ವವನ್ನು ಮಾತ್ರ ಕಾನೂನು ಪೈಲಟ್‌ಗಳಿಗೇ ಮೀಸಲಿಟ್ಟಿತ್ತು. 1970ರ ತಿದ್ದುಪಡಿ ಆ ತಡೆಯನ್ನು ತೆಗೆಯಿತು. ಇಂದು ಇವರು ವಿಮಾನವಾಹಕ ನೌಕೆಗೂ ನಾಯಕರಾಗಬಲ್ಲರು. ಹಕ್ಕು ಯೋಗ್ಯತೆಯಿಂದಷ್ಟೇ ದೊರೆಯದು, ಕಾಯಿದೆಯಲ್ಲಿ ಅಕ್ಷರವಾಗಿಯೂ ಮೂಡಬೇಕು.

2015ರಲ್ಲಿ ಆ ನೌಕಾಪಡೆ ಪ್ರೌಲರನ್ನು ನಿವೃತ್ತಿಗೊಳಿಸಿತು. ಅದರ ಉತ್ತರಾಧಿಕಾರಿಯಾದ ಗ್ರೌಲರ್‌ನಲ್ಲಿ ಪೈಲಟ್ ಜೊತೆ ಇರುವುದು ಒಬ್ಬರೇ ಅಧಿಕಾರಿ. ಮೂವರ ಕೆಲಸದಲ್ಲಿ ಹೆಚ್ಚಿನ ಪಾಲು ಗಣಕಯಂತ್ರಕ್ಕೆ ಹೋಯಿತು.

ಭಾರತೀಯ ನೌಕಾಪಡೆಯಲ್ಲಿ ಇದಕ್ಕೆ ಸಮೀಪದ ಹುದ್ದೆ ‘ಅಬ್ಸರ್ವರ್’. ತರಬೇತಿ ಶಾಲೆ ಇರುವುದು ಕೊಚ್ಚಿಯಲ್ಲಿ. 2009ರಲ್ಲಿ ಮೊದಲ ಬಾರಿಗೆ ಇಬ್ಬರು ಮಹಿಳೆಯರು ಅಲ್ಲಿಂದ ಅಬ್ಸರ್ವರ್‌ಗಳಾಗಿ ಹೊರಬಂದರು. ಭೌತಶಾಸ್ತ್ರದ ಪುಸ್ತಕದಲ್ಲಿ ತರಂಗಗಳ ಪಾಠವನ್ನು ಆಸಕ್ತಿಯಿಂದ ಓದುವ ಹೆಣ್ಣುಮಕ್ಕಳಿಗೆ ಈ ಸಂಗತಿಯನ್ನು ಹೇಳಿರಿ.